ಮಂಜಿನೂರಿನ ಪಕ್ಕದ ಎಕ್ಸ್

ಹಳೇ ಫ್ಯಾಕ್ಸ್ ಕಾಗದಕ್ಕೆ ಒಂದು ವಾಸನೆ ಇರುತ್ತದೆ. ಔಷಧಿ ಇಟ್ಟ ಡ್ರಾಯರ್ ತೆಗೆದ ಹಾಗೆ. ಕಳೆದ ವಾರ ಸಿಂಗಪುರದ ಪುಂಗೋಲ್‌ನ ನಮ್ಮ ಮನೆಯಲ್ಲಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಒಂದು ನೀಲಿ ಪ್ಲಾಸ್ಟಿಕ್ ಫೈಲ್ ಎಳೆದು ಬಿಚ್ಚಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕಾಫಿಯ ವಾಸನೆಯೂ ಬಂದ ಹಾಗಾಯಿತು. ಅಷ್ಟು ವರ್ಷದ ಹಿಂದಿನ ಕಾಫಿ ಈಗ ವಾಸನೆ ಬರುವುದುಂಟೇ... ಇರಲಿಕ್ಕಿಲ್ಲ. ಆದರೆ ಆ ಮನುಷ್ಯನ ವಿಷಯ ಬಂದರೆ ನನ್ನ ಮೂಗು, ಕಿವಿ, ಸಿಟ್ಟು ಎಲ್ಲ ಇನ್ನೂ ಅಲ್ಲೇ ನಿಂತಿವೆ.

ನನ್ನ ಹಳೇ ಆಫೀಸಿನ ಆ ಹಿರಿಯರು ತೀರಿಹೋದ ಸುದ್ದಿ ಅವತ್ತು ಬೆಳಿಗ್ಗೆ ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಚಿತ್ರಗಳ ಸಾಲೇ ಸಾಲು. ಸಜ್ಜನರು, ದೊಡ್ಡ ಮನುಷ್ಯರು, ಎಷ್ಟೋ ಜನರನ್ನು ಕೈಹಿಡಿದು ಬೆಳೆಸಿದವರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು. ಅಮ್ಮನಿಗೇನು, ಅವಳು ಅವರ ಕೈಕೆಳಗೆ ಕೆಲಸ ಮಾಡಿರಲಿಲ್ಲ. ನಾನು ಮಾಡಿದ್ದೆ, ಆದ್ದರಿಂದ ಆಡುತ್ತೇನೆ.

ತೊಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮುಗಿಸಿ, ಮನೆಯಲ್ಲಿ ಒಂದು ವರ್ಷ ಜಗಳ ಆಡಿ ನಾನು ಸಿಂಗಪುರಕ್ಕೆ ಬಂದಿದ್ದೆ. ಕೆಲಸ ಒಂದು ಪುಟ್ಟ ಕಂಪನಿಯಲ್ಲಿ. ಅಮೆರಿಕನ್ನರು ಇಳಿದುಕೊಳ್ಳುವ ಹೋಟೆಲ್‌ಗಳಿಗೆ, ಅವರ ಕ್ಲಬ್‌ಗಳಿಗೆ, ತೈಲ ಕಂಪನಿಗಳ ಆಫೀಸುಗಳಿಗೆ ದಿನವೂ ನಾಲ್ಕು ಪುಟದ ಸುದ್ದಿ ಹಾಳೆ ತಯಾರಿಸಿ ಫ್ಯಾಕ್ಸ್ ಮಾಡುವುದು. ಇಂಟರ್‌ನೆಟ್ ಇನ್ನೂ ಮನೆಮನೆಗೆ ಬಂದಿರಲಿಲ್ಲ. ದೇಶ ಬಿಟ್ಟು ಬಂದ ಆ ಜನಕ್ಕೆ ಸೆಪ್ಟೆಂಬರ್ ಬಂತೆಂದರೆ ಒಂದೇ ಚಿಂತೆ, ಅವರ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡುವುದು. ಅಲ್ಲಿ ಭಾನುವಾರ ಮಧ್ಯಾಹ್ನ ಆಡಿದ್ದು ನಮಗೆ ಸೋಮವಾರ ಬೆಳಿಗ್ಗೆ ತಲುಪುತ್ತಿತ್ತು.

ಕಂಪನಿ ಕೊಂಡಿದ್ದು ಅಗ್ಗದ ಸುದ್ದಿ ಸೇವೆ, ಅದರಲ್ಲಿ ಬರೀ ಸ್ಕೋರ್ ಬರುತ್ತಿತ್ತು. ಯಾವ ತಂಡ ಎಷ್ಟು ಗೆದ್ದಿದೆ, ಎಷ್ಟು ಸೋತಿದೆ, ಸೀಸನ್ ಮುಗಿದ ಮೇಲೆ ಪ್ಲೇಆಫ್ ಎಂಬ ಮುಂದಿನ ಸುತ್ತಿಗೆ ಯಾರು ಹೋಗುತ್ತಾರೆ ಎನ್ನುವ ಟೇಬಲ್ ನಾವೇ ಕಟ್ಟಬೇಕಿತ್ತು. ಪ್ಲೇಆಫ್ ಖಚಿತವಾದ ತಂಡದ ಹೆಸರಿನ ಪಕ್ಕ ಒಂದು ಸಣ್ಣ ಎಕ್ಸ್ ಗುರುತು. ಡಿಸೆಂಬರ್‌ನಲ್ಲಿ ಆ ಎಕ್ಸ್ ನೋಡುವುದಕ್ಕೆಂದೇ ಜನ ಹೋಟೆಲ್ ಕೌಂಟರಿನಲ್ಲಿ ಕಾಯುತ್ತಿದ್ದರಂತೆ.

ಟೇಬಲ್ ಕಟ್ಟುವ ಆ ವಿಭಾಗದ ಮುಖ್ಯಸ್ಥರೇ ಅವರು. ನಮ್ಮ ಮೈಸೂರಿನವರೇ, ನಾನು ಶಾಲೆಗೆ ಸೇರುವ ಹೊತ್ತಿಗೇ ಇಲ್ಲಿಗೆ ಬಂದು ನೆಲೆಯಾದವರು. ಮೊದಲ ದಿನವೇ ಹೇಳಿದರು, "ಆಫೀಸಲ್ಲಿ ಸರ್ ಅನ್ನಮ್ಮಾ. ಹೊರಗಡೆ ಅಂಕಲ್ ಅಂದ್ರೆ ಅಡ್ಡಿಯಿಲ್ಲ." ನಾನು ಒಳಗೂ ಹೊರಗೂ ಸರ್ ಎಂದೇ ಕರೆದೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಕೈಯಲ್ಲಿ ಒಂದು ಸ್ಟೀಲ್ ಸ್ಕೇಲು. ಕೆಳಗಿನ ಅಂಗಡಿಯಿಂದ ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿದ್ದ ಕಾಫಿಯನ್ನು ಊರಿಂದ ತಂದ ಸ್ಟೀಲ್ ಲೋಟಕ್ಕೆ ಸುರಿದುಕೊಂಡೇ ಕುಡಿಯಬೇಕು. ವಯಸ್ಸಿನಲ್ಲಿ ಮೈಸೂರಿನ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದರಂತೆ. ಅದನ್ನು ವಾರಕ್ಕೆ ಮೂರು ಸಲ ಕೇಳಿಸುತ್ತಿದ್ದರು.

ಬೈಗುಳ ಕನ್ನಡದಲ್ಲಿ, ನಗು ಇಂಗ್ಲಿಷಿನಲ್ಲಿ, ಇದು ಅವರ ಪದ್ಧತಿ. ಎದುರು ಕೂತ ಚೀನೀ ಹುಡುಗಿಯರಿಗೆ ನಗುನಗುತ್ತಾ ಗುಡ್ ಮಾರ್ನಿಂಗ್ ಹೇಳಿ, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ಎಂ.ಎಸ್ಸಿ. ಯಾರು ಕೊಟ್ರು ನಿಂಗೆ, ಕೂಡೋಕೂ ಬರಲ್ವಾ?" ಎನ್ನುತ್ತಿದ್ದರು. ಆ ಹುಡುಗಿಯರು ನಾವಿಬ್ಬರೂ ಊರಿನ ಸುದ್ದಿ ಮಾತಾಡುತ್ತಿದ್ದೇವೆ ಎಂದುಕೊಂಡು ನಗುತ್ತಿದ್ದರು.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು, ಟೇಬಲ್ ಕಟ್ಟುವುದನ್ನು ಕಲಿಸಿದ್ದು ಅವರೇ. "ಯಾರೋ ಗೆದ್ರೆ ಯಾರೋ ಸೋತಿರ್ಲೇಬೇಕು. ಎಲ್ಲಾ ತಂಡದ ಗೆಲುವು ಕೂಡು, ಎಲ್ಲಾ ತಂಡದ ಸೋಲು ಕೂಡು. ಎರಡೂ ಒಂದೇ ಬರ್ಬೇಕು. ಬರ್ಲಿಲ್ಲ ಅಂದ್ರೆ ಎಲ್ಲೋ ಸುಳ್ಳಿದೆ ಅಂತ ತಿಳ್ಕೋ." ಈಗ ಬ್ಯಾಂಕಿನಲ್ಲಿ ಕೂತು ಯಾವ ವರದಿ ಮಾಡಿದರೂ ನನ್ನ ಕೈ ತಾನಾಗಿ ಎರಡು ಕಡೆಯಿಂದ ಕೂಡಿ ನೋಡುತ್ತದೆ. ಅದಕ್ಕೂ ನನಗೆ ಅವರ ಮೇಲೆ ಸಿಟ್ಟು.

ಆಟ ನೋಡಿಯೇ ಇರದ ನಾನು ಅದರ ನಿಯಮ ಕಲಿಯಲು ಹಟ ಹಿಡಿದೆ. ಅಮೆರಿಕನ್ ಮಕ್ಕಳ ಶಾಲೆಯೊಂದರ ಕೋಚ್ ನಮ್ಮ ಹಾಳೆಯ ಓದುಗ. ಅವನಿಗೆ ಬರೆದು ಕೇಳಿದೆ, ಎರಡು ತಂಡಗಳ ಗೆಲುವು ಸೋಲು ಸಮವಾಗಿಬಿಟ್ಟರೆ ಯಾರು ಮುಂದೆ ಅಂತ. ಅವನು ನಿಯಮದ ಪುಟವನ್ನೇ ಫ್ಯಾಕ್ಸ್ ಮಾಡಿದ. ಅದನ್ನು ಯಿಶುನ್‌ನ ನನ್ನ ಬಾಡಿಗೆ ಕೋಣೆಗೆ ಒಯ್ದು ಬಾಯಿಪಾಠ ಮಾಡಿದೆ. ಮೊದಲು ಆ ಇಬ್ಬರೂ ಪರಸ್ಪರ ಆಡಿದ ಪಂದ್ಯ ನೋಡಬೇಕು, ಅದರಲ್ಲಿ ಗೆದ್ದವರು ಮುಂದೆ. ಹೊಡೆದ ಪಾಯಿಂಟು, ಬಿಟ್ಟುಕೊಟ್ಟ ಪಾಯಿಂಟು ಎಂಬ ಲೆಕ್ಕ ಬರುವುದು ಎಷ್ಟೋ ಮೆಟ್ಟಿಲು ಕೆಳಗೆ.

ಸೀಸನ್ನಿನ ಕೊನೆಯ ಸೋಮವಾರ. ಮುಂದಿನ ತಿಂಗಳು ಇಲ್ಲಿ ಕೆಲಸ ಮಾಡಲು ಬೇಕಾದ ನನ್ನ ವರ್ಕ್ ಪಾಸ್ ಮುಗಿಯುತ್ತಿತ್ತು. ರಿನ್ಯೂ ಆಗಬೇಕಾದರೆ ಸರ್ ಒಂದು ಪತ್ರ ಬರೆಯಬೇಕು, ಕಂಪನಿಯ ಯಜಮಾನರು ಸಹಿ ಹಾಕಬೇಕು. ರಿನ್ಯೂ ಫಾರಂ ಎರಡು ವಾರದಿಂದ ಸರ್ ಟ್ರೇಯಲ್ಲಿ ಬಿದ್ದಿತ್ತು. ಪಾಸ್ ಹೋದರೆ ನಾನು ಮೈಸೂರಿಗೆ ವಾಪಸ್ಸು, ಮತ್ತೆ ಅಪ್ಪನ ಮನೆ ಬಾಗಿಲು. ಅವತ್ತು ಮೊದಲ ಎಂ.ಆರ್.ಟಿ. ರೈಲು ಹಿಡಿದು ಆಫೀಸಿಗೆ ಹೋದೆ.

ಪ್ಲೇಆಫ್‌ನಲ್ಲಿ ಉಳಿದಿದ್ದು ಒಂದೇ ಜಾಗ, ಬಾಯಿ ತೆರೆದು ನಿಂತ ತಂಡ ಎರಡು. ಒಂದು ಹಿಮ ಬೀಳುವ ಉತ್ತರದ ಊರಿನದು, ಇನ್ನೊಂದು ದಕ್ಷಿಣದ ಕಡಲ ತೀರದ್ದು. ನಾನು ಮನಸ್ಸಿನಲ್ಲೇ ಮಂಜಿನೂರು, ಬಿಸಿಲೂರು ಅಂತ ಹೆಸರಿಟ್ಟುಕೊಂಡಿದ್ದೆ. ಬೆಳಗಿನ ಸ್ಕೋರ್ ಬಂದಾಗ ಎರಡರದ್ದೂ ಗೆಲುವು ಸೋಲು ಸಮ ಸಮ. ಸರ್ ಕ್ಯಾಲ್ಕುಲೇಟರ್ ತೆಗೆದು, ಸ್ಕೇಲು ಇಟ್ಟು, ಇಡೀ ಸೀಸನ್ನಿನ ಪಾಯಿಂಟು ಕೂಡಿದರು, ಕಳೆದರು. ಮಂಜಿನೂರಿನವರು ಬಹಳ ಮುಂದಿದ್ದರು. ಸರ್ ಮಂಜಿನೂರಿನ ಪಕ್ಕ ಎಕ್ಸ್ ಹಾಕಿದರು.

"ಸರ್, ಮೊದ್ಲು ಅವ್ರಿಬ್ರೂ ಆಡಿದ್ ಮ್ಯಾಚ್ ನೋಡ್ಬೇಕು. ಅಕ್ಟೋಬರಲ್ಲಿ ಬಿಸಿಲೂ... ಈ ತಂಡ ಗೆದ್ದಿದೆ. ರೂಲ್ಸ್ ಇಲ್ಲಿದೆ ನೋಡಿ," ಎಂದು ಫ್ಯಾಕ್ಸ್ ಕಾಗದ ಮುಂದಿಟ್ಟೆ.

ಅವರು ಕಾಗದವನ್ನು ನೋಡಲೇ ಇಲ್ಲ. "ನೀನು ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ನಾನು ಸ್ಕೋರ್ ಬರೀತಿದ್ದೆ. ಸಮ ಆದ್ರೆ ರನ್‌ರೇಟ್ ಕಣಮ್ಮಾ. ಯಾವ ಆಟ ಆದ್ರೂ ಅಷ್ಟೇ," ಎಂದರು.

ರನ್‌ರೇಟ್! ಒಂದೇ ಒಂದು ರನ್ ಇಲ್ಲದ ಆಟಕ್ಕೆ. ಮೈಸೂರಿನ ಮೈದಾನದಲ್ಲಿ ಕಲಿತದ್ದು ಇಡೀ ಭೂಮಂಡಲಕ್ಕೆ ಅನ್ವಯ ಎಂಬ ಧಿಮಾಕು ಅದು. ನಾನು ಮತ್ತೆ ಬಾಯಿ ತೆರೆದೆ. ಅವರ ಕಣ್ಣು ಟ್ರೇಯಲ್ಲಿದ್ದ ನನ್ನ ಫಾರಂ ಕಡೆ ಹೋಯಿತು, ಆಮೇಲೆ ನನ್ನ ಮುಖಕ್ಕೆ ಬಂತು. ನಾನು ಬಾಯಿ ಮುಚ್ಚಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಹಾಳೆ ಹೋಯಿತು.

ಎರಡು ಗಂಟೆಗೆ ಫೋನು ಶುರುವಾಯಿತು. ಮೊದಲು ಒಂದು ಕ್ಲಬ್ಬು, ಆಮೇಲೆ ಹೋಟೆಲ್ಲು, ಆಮೇಲೆ ಎಲ್ಲ ಕಡೆಯಿಂದ. ಬಿಸಿಲೂರಿನ ಕಡೆಯವನೊಬ್ಬ ನಮ್ಮ ಹಾಳೆಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬೈಗುಳ ಬರೆದು ವಾಪಸ್ ಫ್ಯಾಕ್ಸ್ ಮಾಡಿದ. ಒಂದು ಕ್ಲಬ್ಬಿನವರು ಚಂದಾ ನಿಲ್ಲಿಸುತ್ತೇವೆ ಎಂದರು.

ಆಗ ಸರ್ ಮಾಡಿದ್ದನ್ನು ನಾನು ಎದುರೇ ಕೂತು ನೋಡಿದೆ. ನನ್ನ ಕಾಗದವನ್ನು ಹತ್ತಿರ ಎಳೆದುಕೊಂಡರು. ಸ್ಟೀಲ್ ಸ್ಕೇಲನ್ನು ಸಾಲಿನ ಕೆಳಗೆ ಇಟ್ಟು, ಒಂದೊಂದೇ ಸಾಲು ಸರಿಸುತ್ತಾ, ಪೂರ್ತಿ ಓದಿದರು. ಮೊದಲ ನಿಯಮದ ಹತ್ತಿರ ಸ್ಕೇಲು ಎರಡು ಸಲ ನಿಂತಿತು. ಆಗ ತಾನೇ ಬಂದಿದ್ದ ಬಿಸಿ ಕಾಫಿಯನ್ನು ಲೋಟಕ್ಕೆ ಸುರಿದು ಒಂದು ಗುಟುಕು ಕುಡಿದು, ಅಂಚಿನಿಂದ ಕಾಫಿ ಇಳಿಯುತ್ತಿದ್ದ ಲೋಟವನ್ನು ಆ ಕಾಗದದ ಮೇಲೆಯೇ ಇಟ್ಟರು. ಶಾಖಕ್ಕೆ ಫ್ಯಾಕ್ಸ್ ಕಾಗದ ಲೋಟದ ಸುತ್ತ ಕಪ್ಪಾಗುತ್ತಾ ಹೋಯಿತು.

ಯಜಮಾನರು ಹಾಳೆ ಹಿಡಿದು ಒಳಗಿಂದ ಬಂದರು. ಇಲ್ಲಿಯವರೇ, ಮಾತು ಕಡಿಮೆ, ಸಿಟ್ಟು ಬಂದರೆ ಕಿವಿ ಕೆಂಪಾಗುತ್ತಿತ್ತು. "ದಿಸ್ ಟೇಬಲ್ ಹೂ ಡೂ, ಆಹ್?" ಎಂದು ಕೇಳಿದರು.

ಸರ್ ತಲೆ ಎತ್ತಿ ನಕ್ಕರು, ಅದೇ ಇಂಗ್ಲಿಷಿನ ನಗು. "ಶಿ ಡಿಡ್. ಸ್ಟಿಲ್ ಲರ್ನಿಂಗ್."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಎದ್ದು ನಿಂತೆ. ಕಾಗದ ಅಲ್ಲೇ ಇತ್ತು, ಲೋಟ ಎತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸರ್ ನನ್ನ ಕಡೆ ನೋಡದೆ, ಮೆಲ್ಲಗೆ, ಕನ್ನಡದಲ್ಲಿ ಹೇಳಿದರು, "ಸುಮ್ನೆ ಕೂತ್ಕೋ ಪುಟ್ಟಿ. ನಾನು ನೋಡ್ಕೋತೀನಿ."

ಒಂದೂವರೆ ವರ್ಷದಲ್ಲಿ ಒಮ್ಮೆಯೂ ಅವರು ನನ್ನನ್ನು ಪುಟ್ಟಿ ಎಂದಿರಲಿಲ್ಲ. ನಮ್ಮಪ್ಪ ಕರೆಯುವ ಹಾಗೆ ಕರೆದುಬಿಟ್ಟರಲ್ಲ, ನಾನು ಕೂತೆ. ಪಾಪಿ, ಕೂತೆ. ಪಾಸ್ ವಿಷಯ ನೋಡಿಕೊಳ್ಳುತ್ತಾರೆ, ಈಗ ಅವರ ಮರ್ಯಾದೆ ಉಳಿಸಿದರೆ ನಾಳೆ ನನ್ನದು ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ನಾನು ಸ್ಟ್ಯಾಟಿಸ್ಟಿಕ್ಸ್ ಓದಿದವಳು, ನೋಡಿ.

ಶುಕ್ರವಾರ ನನ್ನ ಫಾರಂ ವಾಪಸ್ಸು ಬಂತು. ಸಹಿ ಇರಲಿಲ್ಲ. ಯಜಮಾನರು ತಪ್ಪು ಮಾಡುವವರನ್ನು ಇಟ್ಟುಕೊಳ್ಳುವುದಿಲ್ಲವಂತೆ. ಸರ್ ಅವತ್ತು ರಜೆ ಹಾಕಿದ್ದರು. ಅವರ ಮೇಜಿನ ಮೇಲೆ ಕಾಗದಗಳ ಕೆಳಗೆ ಸಿಕ್ಕಿಕೊಂಡಿದ್ದ ನನ್ನ ಫ್ಯಾಕ್ಸ್ ಎಳೆದುಕೊಂಡು, ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಆ ಆಫೀಸಿನಿಂದ ನಾನು ತಂದದ್ದು ಅದೊಂದೇ.

ಮೈಸೂರಿಗೆ ಹೋದೆ. ಪಿ.ಯು. ಮಕ್ಕಳಿಗೆ ಟ್ಯೂಷನ್ ಹೇಳಿದೆ. ತಪ್ಪು ಟೇಬಲ್ ಮಾಡಿ ಕೆಲಸ ಕಳೆದುಕೊಂಡಳಂತೆ ಎನ್ನುವ ಮಾತು ನನಗಿಂತ ಮೊದಲೇ ಊರು ತಲುಪಿತ್ತು, ಯಾರು ಮುಟ್ಟಿಸಿದರೋ... ನಾನೇನೂ ಕೇಳಲಿಲ್ಲ. ಮತ್ತೆ ಸಿಂಗಪುರಕ್ಕೆ ಬರಲು ಆರು ವರ್ಷ ಬೇಕಾಯಿತು. ಬ್ಯಾಂಕಿನ ಕೆಲಸ ಹಿಡಿದು ಬಂದೆ. ಬಂದ ವರ್ಷವೇ ಕನ್ನಡದವರ ಯುಗಾದಿ ಊಟದಲ್ಲಿ ಅವರು ಸಿಕ್ಕರು. ಎಲೆಗೆ ಒಬ್ಬಟ್ಟು ಹಾಕಿಸಿಕೊಳ್ಳುತ್ತಾ ಪಕ್ಕದವರಿಗೆ ನನ್ನನ್ನು ತೋರಿಸಿ, "ನಮ್ಮ ಹುಡುಗಿ ಇವ್ಳು. ಕೆಲ್ಸ ಕಲ್ಸಿದ್ದೇ ನಾನು," ಎಂದರು. ಪಕ್ಕದವರು ನನಗೆ ಶಹಭಾಸ್ ಹೇಳಿದರು. ನನ್ನ ಬಾಯಲ್ಲಿದ್ದ ಬೇವು ಬೆಲ್ಲದಲ್ಲಿ ಬೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆ ಕಾಗದವನ್ನು ಅವರ ಮುಂದೆ ಬಿಚ್ಚಬೇಕು, ಹತ್ತು ಜನರ ಎದುರು ಅವರ ಬಾಯಿಂದಲೇ ಓದಿಸಬೇಕು ಎಂದು ಅವತ್ತೇ ಹಟ ತೊಟ್ಟೆ. ನನಗೆ ಇನ್ನೇನೂ ಬೇಕಿರಲಿಲ್ಲ. ನೀನು ಹೇಳಿದ್ದು ಸರಿ ಇತ್ತು ಅಂತ ಒಂದೇ ಒಂದು ಮಾತು. ಆದರೆ ಒಂದು ವರ್ಷ ಅವರ ಹೆಂಡತಿಗೆ ಹುಷಾರಿಲ್ಲ, ಇನ್ನೊಂದು ವರ್ಷ ಆಕೆ ತೀರಿಕೊಂಡು ತಿಂಗಳಾಗಿತ್ತು. ಹೀಗೇ ಮುಂದಕ್ಕೆ ಹೋಯಿತು.

ಎರಡು ವರ್ಷದ ಹಿಂದೆ ಯಾರದೋ ಮನೆಗೆಂದು ಚೋವಾ ಚು ಕಾಂಗ್ ಬಡಾವಣೆಗೆ ಹೋದವಳಿಗೆ ಫ್ಲ್ಯಾಟುಗಳ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ಜಗಲಿಯ ಕಲ್ಲು ಬೆಂಚಿನ ಮೇಲೆ ಅವರು ಕಂಡರು. ಪಕ್ಕದಲ್ಲಿ ವಾಕರ್. ಅಂಗಿಗೆ ಇಸ್ತ್ರಿ ಇರಲಿಲ್ಲ. ಕಾಗದ ಮನೆಯಲ್ಲಿತ್ತು, ಆದರೂ ಕೇಳಿಯೇಬಿಟ್ಟೆ, "ಸರ್, ಆ ಸೋಮವಾರ ನೆನಪಿದ್ಯಾ?"

ಯಾವ ಸೋಮವಾರ ಎಂದು ಅವರು ಕೇಳಲಿಲ್ಲ. "ಹಳೇದೆಲ್ಲಾ ಯಾಕಮ್ಮಾ ಈಗ. ಕಾಫಿ ಕುಡೀತೀಯಾ?" ಎಂದರು. ಬೇಡ ಎಂದು ಬಂದುಬಿಟ್ಟೆ.

ಕಳೆದ ವಾರ ಆ ಫೈಲ್ ಎಳೆದದ್ದು ಅದಕ್ಕೇ. ಕಾಗದದ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕೆಂದಿದ್ದೆ, ಆ ಕೈಮುಗಿದ ಚಿತ್ರಗಳ ನಡುವೆ. ಹಾಕುತ್ತಿದ್ದೆನೇ... ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಗೆಲುವಿನ ಕಾಲಂ ಅಷ್ಟೊಂದು ತುಂಬಿರುವಾಗ ಸೋಲಿನ ಕಾಲಂನಲ್ಲಿ ಯಾರಿದ್ದಾರೆ ಎಂದು ಜನ ನೋಡಲಿ ಅಂತ. ಮಡಿಕೆ ಬಿಚ್ಚಿದೆ. ಕಾಗದ ಖಾಲಿ. ಫ್ಯಾಕ್ಸಿನ ಅಕ್ಷರ ವರ್ಷ ಕಳೆದರೆ ಹಾರಿಹೋಗುತ್ತದೆ ಎನ್ನುವುದು ಗೊತ್ತಿದ್ದ ವಿಷಯವೇ, ನಾನು ಮಾತ್ರ ತೆಗೆದು ನೋಡಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ, ಓರೆ ಮಾಡಿದೆ. ಒಂದು ನಿಯಮವೂ ಇಲ್ಲ, ಒಂದು ಸಾಲೂ ಇಲ್ಲ. ನಡುವೆ ಲೋಟದ ಅಡಿಯಷ್ಟು ಅಗಲದ ಕಂದು ಉಂಗುರವೊಂದೇ ಉಳಿದಿದೆ.

ಅದನ್ನು ಮತ್ತೆ ಮಡಚಿ ಫೈಲಿಗೆ ಸೇರಿಸಿದೆ. ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಅವರ ಮೇಲಿನ ಸಿಟ್ಟು ಹೋಗಿಲ್ಲ, ಹೋಗಲಿ ಎಂದು ನಾನು ಬೇಡಿಕೊಂಡೂ ಇಲ್ಲ. ಆದರೂ ಅವತ್ತು ಸಂಜೆ ಅಡುಗೆಮನೆಯಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು. ಆ ಸೋಮವಾರ ಸರಿಯಾಗಿ ಹೇಳಿದವಳು ನಾನು ಎಂದು ಗೊತ್ತಿದ್ದವರು ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ.