ನೂರು ಉಲ್ಟಾ ಬೋರ್ಡು

ನರಗುಂದದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಮೂರು ವರ್ಷ ದುಡಿದೆ. ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡುವ ಸರ್ಕ್ಯೂಟ್ ಬೋರ್ಡು ಪೂರ್ತಿ ನನ್ನ ವಿನ್ಯಾಸ. ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಮಾಡಿ, ನುಣುಪು ಹಾಳೆಯ ಮೇಲೆ ಪ್ರಿಂಟ್ ತೆಗೆದು, ತಾಮ್ರದ ಮೇಲಿಟ್ಟು ಇಸ್ತ್ರಿ ಒತ್ತುತ್ತಿದ್ದೆವು. ಒತ್ತಿದಾಗ ಅಚ್ಚು ನೆಟ್ಟಗೆ ಮೂಡುತ್ತಿತ್ತು. ಉಲ್ಟಾ ಮಾಡಲು ಮರೆತರೆ ಬೋರ್ಡು ಕಸದ ಬುಟ್ಟಿಗೆ. ಈ ಒಂದು ಪಾಠ ಮಾಲಕನಿಗೆ ಚೆನ್ನಾಗಿ ಬಾಯಿಗೆ ಬಂದಿತ್ತು.

ಯಾವಗಲ್ ಕಡೆಯ ರೈತರು ಕೇಳಿಕೊಂಡು ಬರತೊಡಗಿದಾಗ, ಬೋರ್ಡು ತಯಾರಿಸುವ ಕಾರ್ಖಾನೆಯಲ್ಲೇ ನೂರು ಮಾಡಿಸೋಣ ಎಂದ ಮಾಲಕ. ಗೆರೆಗಳ ಅಂತರ, ತೂತುಗಳ ಅಳತೆ ನಾಲ್ಕು ನಾಲ್ಕು ಸಲ ನೋಡಿ ಫೈಲು ಸಿದ್ಧಮಾಡಿದೆ. ಗಜೇಂದ್ರಗಡದಲ್ಲಿ ನಮ್ಮವ್ವ ನೇಯ್ದ ಸೀರೆಗೆಲ್ಲ ಸೀರೆ ಅಂಗಡಿಯವರ ಹೆಸರೇ ಬೀಳುವುದು. ನನ್ನ ಕೆಲಸಕ್ಕಾದರೂ ನನ್ನ ಹೆಸರಿರಲಿ ಎಂದು ಮೂಲೆಯಲ್ಲಿ ಸಣ್ಣಗೆ ಬರೆದಿದ್ದೆ.

"ಹೆಣ್ಮಗಳ ಹೆಸರ ನೋಡಿದ್ರ ಯಾರ್ ತಗೋತಾರ, ತಂಗಿ?" ಎಂದು ಅದನ್ನು ಅಳಿಸಿ ಅಂಗಡಿಯ ಹೆಸರು ಹಾಕಿಸಿದ. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ, "ಏ, ಉಲ್ಟಾನ ಮಾಡಿಲ್ಲಲ್ಲ ಇದನ್ನ!" ಎಂದು ತಾನೇ ಮೌಸು ಹಿಡಿದು ತಿರುವಿದ. ಕಾರ್ಖಾನೆಗೆ ನೆಟ್ಟಗಿರುವ ನಕ್ಷೆಯೇ ಬೇಕು, ಅಲ್ಲಿ ಯಾರೂ ಇಸ್ತ್ರಿ ಒತ್ತುವುದಿಲ್ಲ. ಹೇಳಲು ಬಾಯಿ ತೆರೆದವಳು ಸುಮ್ಮನೆ ಚಹಾ ಕುಡಿದೆ.

ಮರುದಿನ ಕಾರ್ಖಾನೆಯವರು ಕೇಳಿದರು: ಅಕ್ಷರಗಳೆಲ್ಲ ಉಲ್ಟಾ ಇವೆ, ಹೀಗೇ ಇರಲಿಯೇ?

"ಹಂಗ ಇರ್ಲಿ ಅಂತ ಬರಿ. ಅವ್ರಿಗೇನ್ ಗೊತ್ತೈತಿ?" ಎಂದ ಮಾಲಕ.

ಬರೆದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬಂಡಲು ಬಂದ ದಿನ ಬೋರ್ಡಿಗೆ ಕೂರಿಸುವ ಐಸಿ ಚಿಪ್ ಹಿಡಿದು ಕೂತ. ಒಂದು ಬೋರ್ಡಿನಲ್ಲೂ ಅದರ ಕಾಲುಗಳು ಸರಿಯಾದ ಗೆರೆಗೆ ಸೇರಲಿಲ್ಲ. ಹತ್ತನೆಯದಕ್ಕೆ ಅರ್ಥವಾಗಿ ನನ್ನ ಮುಖ ನೋಡಿದ.

"ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ."

ಬೈಯುತ್ತಾನೆ ಎಂದುಕೊಂಡಿದ್ದೆ. ದನಿ ಇಳಿಸಿದ. "ಇನ್ನೊಮ್ಮೆ ಮಾಡಿಕೊಡ ತಂಗಿ. ನಿನ್ನ ಹೆಸರ ದೊಡ್ಡದಾಗಿ ಹಾಕೂಣು."

ಮೂರು ವರ್ಷ ನಾನು ಕಾದಿದ್ದ ಮಾತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. "ಒಲ್ಲೆರಿ" ಎಂದು ಊಟದ ಡಬ್ಬಿ ತೆಗೆದುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ. ಹೊಟ್ಟೆ ತಣ್ಣಗಾಗಿತ್ತು. ರೋಣ ಬರುವತನಕ ಒಬ್ಬಳೇ ನಗುತ್ತಿದ್ದೆ, ಪಕ್ಕದ ಹೆಂಗಸು ಹೆದರಿ ಸರಿದು ಕೂತಳು. ತಪ್ಪಾಯಿತೇನೋ ಎಂದು ಒಮ್ಮೆಯೂ ಅನ್ನಿಸಿಲ್ಲ. ಇನ್ನೂರು ಮಾಡಿಸಲು ಹೇಳಬೇಕಿತ್ತು ಎಂದು ಮಾತ್ರ ಆಗಾಗ ಅನ್ನಿಸುತ್ತದೆ.