ಅಮ್ಮನ ಅಳತೆಯ ಅಡಿಗೆಕಟ್ಟೆ

ನಿಂತು ಅಡಿಗೆ ಮಾಡುವುದು ಉಳ್ಳವರ ಮನೆಯ ಮಾತಾಗಿದ್ದ ಕಾಲ ಅದು. ಚಿತ್ರದುರ್ಗದ ಕೋಟೆ ಬುಡದ ನಮ್ಮ ಬೀದಿಯಲ್ಲಿ ಹೆಂಗಸರೆಲ್ಲ ಕೂತೇ ಬೇಯಿಸುತ್ತಿದ್ದರು. ಗ್ಯಾಸ್ ಒಲೆ ಬಂದಮೇಲೂ ಅದನ್ನು ಮಣೆಯ ಮೇಲಿಟ್ಟು, ಪಕ್ಕದಲ್ಲಿ ಕಾಲು ಮಡಚಿಕೊಂಡೇ ರೊಟ್ಟಿ ತಟ್ಟುತ್ತಿದ್ದರು. ಬೇಸಿಗೆ ರಜೆಯಲ್ಲಿ ಬೀದಿಗೆ ಬೀದಿಯೇ ಹುರಿದ ಹುಚ್ಚೆಳ್ಳು, ಒಣಗಿದ ಹಪ್ಪಳ, ಉಪ್ಪು ಹಚ್ಚಿದ ಮಾವಿನಕಾಯಿ ಎಂದು ಘಮಗುಡುತ್ತಿತ್ತು. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಮ್ಮ, ಮದುವೆಯಾದಮೇಲೆ ಮೊದಲ ಸಲ, ತನಗೆಂದು ಏನನ್ನೋ ಕೇಳಿದಳು.

“ನನ್ಗೂ ಒಂದು ಅಡಿಗೆಕಟ್ಟೆ ಮಾಡ್ಸಿಕೊಡ್ರಿ. ಮಂಡಿ ಮಡಚಾಕೆ ಆಗ್ತಿಲ್ಲ.”

ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಅವನ ಅಂಗಿಗೆ ಯಾವಾಗಲೂ ಹಿಂಡಿಯ ವಾಸನೆ. ಅಮ್ಮ ಕೇಳಿದ ಮರುದಿನ ಬೆಳಿಗ್ಗೆ ಹೊಸದುರ್ಗದಲ್ಲಿದ್ದ ತನ್ನ ತಮ್ಮನಿಗೆ ಫೋನ್ ಮಾಡಿದ.

ತಿಪ್ಪೇಶ ಚಿಕ್ಕಪ್ಪ ಸಣ್ಣಪುಟ್ಟ ಮನೆಗಳ ಗುತ್ತಿಗೆ ಹಿಡಿದು ಕಟ್ಟಿಸುತ್ತಿದ್ದ. ಅವನು ಬಂದನೆಂದರೆ ನನಗೂ ತಮ್ಮ ಮಂಜನಿಗೂ ಹಬ್ಬ. ಕೈಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಇರುತ್ತಿತ್ತು. ಚೌಕಾಬಾರದಲ್ಲಿ ನಮ್ಮ ಕಣ್ಣೆದುರೇ ಕಾಯಿ ಕದ್ದು ಮುಂದೆ ನಡೆಸಿ, ಸಿಕ್ಕಿಬಿದ್ದಾಗ ದೇವರಾಣೆ ಹಾಕುತ್ತಿದ್ದ. ಅವನು ನಕ್ಕರೆ ಪಕ್ಕದ ಮನೆಯವರೂ ಏನಾಯಿತೆಂದು ಇಣುಕುತ್ತಿದ್ದರು.

ನಮ್ಮ ಅಡಿಗೆಮನೆ ತೀರಾ ಕಿರಿದು. ಪಕ್ಕದಲ್ಲೇ ಕಾಳಿನ ಕೋಣೆ, ನಡುವೆ ಮಣ್ಣು ಮೆತ್ತಿದ ಕಲ್ಲಿನ ಗೋಡೆ. ಎರಡಕ್ಕೂ ಮೇಲೆ ಚಪ್ಪಡಿ ಕಲ್ಲಿನ ಛಾವಣಿ. ಎರಡೂ ಕಡೆಯ ಚಪ್ಪಡಿಗಳ ತುದಿಗಳು ಆ ನಡುಗೋಡೆಯ ಮೇಲೆ ಕೂತಿದ್ದವು. ಚಿಕ್ಕಪ್ಪ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದ.

“ಇದನ್ನ ತೆಗೆದ್ರೆ ಎರಡೂ ಸೇರಿ ಒಳ್ಳೇ ಅಡಿಗೆಮನೆ ಆಗ್ತೈತೆ ಅತ್ಗೆಮ್ಮ. ಆದ್ರೆ ಚಪ್ಪಡಿ ಹೊರಾಕೆ ಒಂದು ಗರ್ಡರ್ ಬೇಕು. ಕಬ್ಬಿಣದ್ದು.”

ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಪಡಸಾಲೆಯ ನೆಲದ ಮೇಲೆ ಹೊಸ ಅಡಿಗೆಮನೆಯನ್ನೇ ಬರೆದ. ಇದು ಕಟ್ಟೆ, ಇದು ಸಿಂಕು, ಇಲ್ಲಿ ಕಿಟಕಿ. ಅಮ್ಮನನ್ನು ಬಾಗಿಲ ಪಕ್ಕ ನಿಲ್ಲಿಸಿ, ಅವಳ ಸೊಂಟದೆತ್ತರಕ್ಕೆ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆದ. “ಇಷ್ಟೆತ್ತರ ಸಾಕಾ? ಬಗ್ಗಬಾರ್ದು ನೀವು.” ಅಮ್ಮ ನಾಚಿಕೊಂಡೇ ಗೆರೆಗಳ ಒಳಗೆ ಹೋಗಿ ನಿಂತಳು. ಗಾಳಿಯಲ್ಲಿ ಒಲೆ ಹಚ್ಚಿದಳು, ಸಾರು ತಿರುವಿದಳು, ಪಕ್ಕಕ್ಕೆ ತಿರುಗಿ ಇಲ್ಲದ ನಲ್ಲಿಯಲ್ಲಿ ಕೈ ತೊಳೆದಳು. ನಾನು, ಮಂಜ ತಟ್ಟೆ ಹಿಡಿದು ಗೆರೆಯ ಹೊರಗೆ ಕೂತೆವು. ಅಪ್ಪ ಕೂಡ ಬಂದು ಕೂತ. ಅಮ್ಮನನ್ನು ಅಷ್ಟು ಹಗುರವಾಗಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೆದ್ದಾರಿ ಪಕ್ಕದ ಕಲ್ಲು ಕೊಯ್ಯುವ ಅಂಗಡಿಗೆ ಎಲ್ಲರೂ ಹೋದೆವು. ಕಿವಿ ಗುಂಯ್‌ಗುಡುವ ಸದ್ದು, ಹುಬ್ಬಿನ ಮೇಲೆಲ್ಲ ಬಿಳಿ ಧೂಳು. ಅಮ್ಮ ಒಂದು ಕಪ್ಪು ಗ್ರಾನೈಟಿನ ಮುಂದೆ ನಿಂತವಳು ಕದಲಲಿಲ್ಲ. ಸೆರಗಿನಿಂದ ಧೂಳು ಒರೆಸಿದಾಗ ಕಲ್ಲಿನಲ್ಲಿ ಅವಳ ಮುಖ ಕಂಡಿತು. ಬಣ್ಣವಿಲ್ಲದ, ಕಣ್ಣು ಕಾಣದ ಮುಖ. ನನಗೆ ಯಾಕೋ ಹೆದರಿಕೆಯಾಗಿ ಅವಳ ಕೈ ಹಿಡಿದೆ. ಅಮ್ಮ ಮಾತ್ರ ನಗುತ್ತಿದ್ದಳು.

ತೊಡಕು ಶುರುವಾದದ್ದು ಲೆಕ್ಕ ಹಾಕುವಾಗ. ನೆಲದ ಮೇಲಿನ ಅಡಿಗೆಮನೆಯ ಪಕ್ಕದಲ್ಲೇ ಚಿಕ್ಕಪ್ಪ ಖರ್ಚು ಬರೆಯುತ್ತ ಹೋದ: ಸಿಮೆಂಟು, ಮರಳು, ಟೈಲ್ಸು, ನಲ್ಲಿ, ಗ್ರಾನೈಟು, ಗರ್ಡರ್. ಅಮ್ಮನ ಚೀಟಿ ದುಡ್ಡು, ಮಿಲ್ಲಿನಲ್ಲಿ ಅಪ್ಪ ತೆಗೆದ ಸಾಲ ಎರಡೂ ಸೇರಿದರೂ ಸಾಲದು. ಟೈಲ್ಸ್ ಅರ್ಧ ಗೋಡೆಗಿಳಿಯಿತು. ಸಿಂಕಿನ ಬದಲು ಹಳೇ ಕಲ್ಲಿನ ತೊಟ್ಟಿ ಸಾಕೆಂದರು. ಆದರೂ ಹೊಂದಲಿಲ್ಲ.

“ಗ್ರಾನೈಟ್ ಬ್ಯಾಡ ಬಿಡ್ರಿ,” ಎಂದಳು ಅಮ್ಮ. “ಕಡಪ ಕಲ್ಲೇ ಸಾಕು.”

ಅಪ್ಪ ತಲೆ ಎತ್ತಲಿಲ್ಲ. “ಇಷ್ಟು ವರ್ಷಕ್ಕೆ ಒಂದ್ಸಲ ಬಾಯಿ ಬಿಟ್ಟು ಕೇಳಿದೀಯ. ಅದನ್ನೂ ಬ್ಯಾಡ ಅಂದ್ರೆ ಹೆಂಗೆ? ಲೇ ತಿಪ್ಪೇಶ, ಆ ಗರ್ಡರ್ ಇಲ್ದೆ ಆಗಲ್ಲೇನೋ?”

ಚಿಕ್ಕಪ್ಪ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದ. “ಕಷ್ಟ ಐತಣ್ಣ.”

“ನೋಡೋ. ಏನಾರ ದಾರಿ ಇರ್ತೈತೆ.”

“ಗೋಡೆ ಪೂರ್ತಿ ತೆಗೀದೆ, ನಡುವೆ ಒಂದು ಕಂಬದಷ್ಟು ಉಳಿಸ್ಬೋದು. ಆ ಕಡೆ ಈ ಕಡೆ ಮರದ ತೊಲೆ ಕೊಟ್ಟು... ನಿಲ್ತೈತೆ, ನಿಲ್ಬೇಕು.”

“ಅಷ್ಟೇ ಮತ್ತೆ,” ಎಂದ ಅಪ್ಪ, ಬಗ್ಗಿ ಗರ್ಡರಿನ ಸಾಲನ್ನು ಅಂಗೈಯಿಂದ ಒರೆಸಿಬಿಟ್ಟ. ಲೆಕ್ಕ ಹೊಂದಿತು. ಅಮ್ಮ ಎಲ್ಲರಿಗೂ ಬೆಲ್ಲದ ಕಾಫಿ ಮಾಡಿದಳು. ಚಿಕ್ಕಪ್ಪ ಆವತ್ತು ನಮ್ಮೊಂದಿಗೆ ಚೌಕಾಬಾರ ಆಡಲಿಲ್ಲ.

ಗೋಡೆ ಒಡೆಯುವ ದಿನಗಳು ನಮಗೆ ಆಟವೇ. ಮೊದಲ ಕಲ್ಲು ತೆಗೆದಾಗ ಮಂಜ ಆ ಕಡೆಯಿಂದ ಕೈ ತೂರಿಸಿದ, ನಾನು ಈ ಕಡೆಯಿಂದ ಅದನ್ನು ಹಿಡಿದು ಎಳೆದೆ. ತೂತು ಕಿಂಡಿಯಾಯಿತು, ಕಿಂಡಿ ಬಾಗಿಲಾಯಿತು. ಕೊನೆಗೆ ನಡುವೆ ಒಂದು ತುಂಡು ಗೋಡೆ ಮಾತ್ರ ಉಳಿಯಿತು. ತೊಲೆ ಏರಿಸಿ, ಎರಡೂ ಬದಿಗೆ ಸರ್ವೆ ಕಂಬ ಆನಿಸಿ, ಚಿಕ್ಕಪ್ಪ ಕೆಳಗೆ ನಿಂತು ಮೇಲೆ ನೋಡುತ್ತಿದ್ದ. ಹೊಸದುರ್ಗದಲ್ಲಿ ಅವನ ಇನ್ನೊಂದು ಮನೆಯ ಕೆಲಸ ನಿಂತುಹೋಗಿತ್ತು.

“ಎರಡು ದಿನ ಹೋಗ್ಬರ್ತೀನಿ ಅತ್ಗೆಮ್ಮ. ಬಂದು ಕಂಬಕ್ಕೆ ಸಿಮೆಂಟ್ ಹಾಕ್ತೀನಿ. ಅಲ್ಲೀತನ್ಕ ಹುಡುಗ್ರನ್ನ ಒಳಗೆ ಬಿಡ್ಬ್ಯಾಡ್ರಿ.”

“ನಾನು ಬೇಯಿಸೋದು ಎಲ್ಲಿ ಮತ್ತೆ?”

“ಪಡಸಾಲೇಲಿ ಮಾಡ್ಕಳ್ರಿ.”

ಆದರೆ ಪಡಸಾಲೆಯಲ್ಲಿ ಗಾಳಿಗೆ ಒಲೆ ಆರುತ್ತಿತ್ತು. ಅಮ್ಮ ಹಾಲು, ಸಾರು ಎಂದು ಮತ್ತೆ ಒಳಗೇ ಹೋದಳು.

ಆ ಎರಡು ದಿನ ಮನೆ ಮೊದಲಿನ ಮನೆಯಾಗಿರಲಿಲ್ಲ. ಕಾಯಿಸಿಟ್ಟ ಹಾಲಿನ ಕೆನೆಯ ಮೇಲೆ ಸಣ್ಣ ಮಣ್ಣು ಬಿದ್ದಿರುತ್ತಿತ್ತು. ಅಮ್ಮ ಚಮಚದಲ್ಲಿ ತೆಗೆದು, ಪಾತ್ರೆಗೆ ತಟ್ಟೆ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತಟ್ಟೆಯ ಮೇಲೂ ಮಣ್ಣು. ಸಲೀಸಾಗಿ ಹಾಕಿಕೊಳ್ಳುತ್ತಿದ್ದ ಒಳಬಾಗಿಲು ಚೌಕಟ್ಟಿಗೆ ಕಚ್ಚತೊಡಗಿತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಒಳಗಿನಿಂದ ಯಾರೋ ಬೆರಳಿನ ನಟಿಗೆ ಮುರಿದಂಥ ಸದ್ದು ಬಂತು. ನಾನು ಎದ್ದು ಕೂತೆ.

“ಅಮ್ಮಾ, ಏನದು?”

“ಮರ ಬಿಸಿಲಿಗೆ ಬಿಗಿತೈತೆ. ಮಲಿಕ್ಕ.”

ಅವಳೂ ಕಣ್ಣು ಮುಚ್ಚಿರಲಿಲ್ಲ. ಅಪ್ಪ ಮಿಲ್ಲಿನಿಂದ ಬಂದಾಗ ಹೇಳಿದಳು. ಅವನು ಒಳಗೆ ಹೋಗಿ ನೋಡಿ, “ನಾಳೆ ತಿಪ್ಪೇಶ ಬರ್ತಾನಲ್ಲ” ಎಂದ. ಬಾಗಿಲನ್ನು ಎರಡು ಸಲ ಎಳೆದು, ಅದು ಹಾಕಿಕೊಳ್ಳದಿದ್ದಾಗ ಹಾಗೇ ಬಿಟ್ಟ.

ಮರುದಿನ ಮಧ್ಯಾಹ್ನ ಇಳಿಯುವ ಹೊತ್ತಿಗೂ ಚಿಕ್ಕಪ್ಪ ಬಂದಿರಲಿಲ್ಲ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಮೋಡ ಎದ್ದಿತು. ಬೇಸಿಗೆಯ ಮಳೆ ದಪ್ಪ ಹನಿಯಾಗಿ ಬಿದ್ದಿತು. ನಾನು, ಮಂಜ ಜಗಲಿಯಲ್ಲಿ ಕೈಚಾಚಿ ನೆನೆಯುತ್ತಿದ್ದೆವು. ಅಮ್ಮ ಮಾಳಿಗೆಯಿಂದ ಹಪ್ಪಳ ಎತ್ತಿಕೊಂಡು ಬಂದವಳು, “ಅಯ್ಯೋ, ಹಾಲು!” ಎಂದು ಒಳಗೆ ಓಡಿದಳು. ಒಲೆಯ ಮೇಲಿಟ್ಟು ಮರೆತಿದ್ದಳು. ಚಪ್ಪಡಿಯ ಸಂದಿನಿಂದ ಇಳಿದ ನೀರು ಕುಡಿದು ಆ ತುಂಡು ಗೋಡೆಯ ಮಣ್ಣು ಮೆತ್ತಗಾಗಿತ್ತೆಂದು ಆಮೇಲೆ ನೋಡಿದವರು ಹೇಳಿದರು. ನನಗೆ ಕೇಳಿದ್ದು ಮೊದಲು ಒಂದು ಉಸಿರಿನಂಥ ಸದ್ದು, ಅದರ ಹಿಂದೆಯೇ ಕಾಲಕೆಳಗಿನ ನೆಲ ಅದುರಿದ್ದು. ಒಳಬಾಗಿಲಿನಿಂದ ಧೂಳು ದಪ್ಪಗೆ ಹೊರಬಂತು. ಅಮ್ಮ ಕೂಗಲಿಲ್ಲ. ಅದಕ್ಕೇ ನಾನು ಕೂಗಿದೆ.

ಬೀದಿಯ ಗಂಡಸರು ಹಾರೆ ಕೊಟ್ಟು ಚಪ್ಪಡಿ ಎತ್ತಿದರು. ಅಮ್ಮನಿಗೆ ಪ್ರಾಣವಿತ್ತು. ಬಲಗೈ ಮೊಣಕೈಯಿಂದ ಕೆಳಗೆ ಜಜ್ಜಿಹೋಗಿತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕೈ ಉಳಿಸಿದರು, ಬೆರಳು ಮಡಚುವುದು ಉಳಿಯಲಿಲ್ಲ. ಚಿಕ್ಕಪ್ಪ ಮೋಸಂಬಿ ಚೀಲ ಹಿಡಿದು ಬಂದ. ವಾರ್ಡಿನ ಹೊರಗೇ ಗೋಡೆಗೆ ಒರಗಿ ನಿಂತ. ನಮ್ಮ ಬೀದಿಯಿಂದ ನೋಡಲು ಬಂದವರೊಬ್ಬರು ಅವನಿಗೆ ಕೇಳುವಂತೆಯೇ, “ಸ್ವಂತ ಅಣ್ಣನ ಮನೇನೇ ಹಿಂಗ್ ಕಟ್ಟಿದಾನೆ” ಎಂದರು. ಅಪ್ಪ ಅಲ್ಲೇ ಇದ್ದ. ಕೇಳಿಸಿಕೊಂಡ. ಏನೂ ಹೇಳಲಿಲ್ಲ. ಚಿಕ್ಕಪ್ಪ ಅಣ್ಣನ ಮುಖವನ್ನೊಮ್ಮೆ ನೋಡಿ, ಚೀಲವನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ. ನಾನು ಮೆಟ್ಟಿಲ ತನಕ ಹಿಂದೆ ಓಡಿ ಕೂಗಿದೆ. ಅವನು ತಿರುಗಲಿಲ್ಲ.

ಆ ನಡುವೆಯೇ ಗ್ರಾನೈಟ್ ಬಂತು. ಇಳಿಸಿದವರು ಅದನ್ನು ಮನೆಯ ಹೊರಗೋಡೆಗೆ ಆನಿಸಿ ಹೋದರು. ಮಳೆಗಾಲ ಪೂರ್ತಿ ಅದು ಅಲ್ಲೇ ನಿಂತಿತ್ತು. ಶಾಲೆಗೆ ಹೋಗುವಾಗ ನಾನು ಆಚೆ ಮುಖ ಮಾಡಿಕೊಂಡು ದಾಟುತ್ತಿದ್ದೆ.

ದೀಪಾವಳಿ ಕಳೆದಮೇಲೆ ಅಪ್ಪ ಬೇರೆ ಮೇಸ್ತ್ರಿಯನ್ನು ಕರೆಸಿ ಕಾಂಕ್ರೀಟ್ ಛಾವಣಿ ಹಾಕಿಸಿ, ಅಮ್ಮನ ಅಳತೆಗೇ ಕಟ್ಟೆ ಮಾಡಿಸಿದ. ಅದರ ಮುಂದೆ ನಿಂತು ಮುದ್ದೆ ತಿರುವಿದವನು ಅಪ್ಪನೇ. ಅಮ್ಮ ಕುರ್ಚಿಯಲ್ಲಿ ಕೂತು ನೀರೆಷ್ಟು, ಉಪ್ಪೆಷ್ಟು ಎಂದು ಹೇಳುತ್ತಿದ್ದಳು. ನಿಧಾನಕ್ಕೆ ಎಡಗೈಯಲ್ಲಿ ಎಲ್ಲ ಕಲಿತಳು, ರೊಟ್ಟಿ ತಟ್ಟುವುದೊಂದನ್ನು ಬಿಟ್ಟು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಯಾರೂ ಜೋರಾಗಿ ನಗಲೂ ಇಲ್ಲ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಮಣ್ಣಿಗೆ ಚಿಕ್ಕಪ್ಪ ಬಂದಿದ್ದ, ಆಸ್ಪತ್ರೆಯಿಂದ ಹೋದಮೇಲೆ ಮೊದಲ ಸಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಎಲ್ಲ ಮುಗಿದಮೇಲೆ ಜಗಲಿಯ ಮೇಲೆ ಕೂತ. ಅಮ್ಮ ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಹೊರಗೆ ಬಂದಳು.

“ಒಳಗೆ ಬಾ ತಿಪ್ಪೇಶ.”

“ಇಲ್ಲೇ ತಂಪೈತೆ ಅತ್ಗೆಮ್ಮ.”

ಅಮ್ಮ ಅವನ ಪಕ್ಕ ಕೂತಳು. “ಹೋಗೋಕ್ಕೆ ಮುಂಚೆ ನಿಮ್ಮಣ್ಣ ಒಂದ್ಮಾತು ಹೇಳಿದ್ರು. ‘ಗರ್ಡರ್ ಬ್ಯಾಡ ಅಂದಿದ್ದು ನಾನು, ಆವತ್ತೇ ನಾಲ್ಕು ಜನದ ಮುಂದೆ ಹೇಳ್ಬೇಕಿತ್ತು’ ಅಂತ.”

ಚಿಕ್ಕಪ್ಪ ಲೋಟವನ್ನೇ ನೋಡುತ್ತಿದ್ದ. “ಗೊತ್ತು ಬಿಡ್ರಿ. ಹ್ಞೂಂ ಅಂದಿದ್ದು ನಾನೇ ಅಲ್ವಾ?”

ಕಾಫಿ ಕುಡಿದು ಮುಗಿಸಿ, ಅಮ್ಮನ ಬಲಗೈಯನ್ನು ಒಂದು ಗಳಿಗೆ ತನ್ನ ಎರಡೂ ಕೈಯಲ್ಲಿ ಹಿಡಿದು, ಎದ್ದು ಹೋದ.

ಹೊಳಲ್ಕೆರೆಯಲ್ಲಿ ಈಗ ನನ್ನದೇ ಮನೆ ಇದೆ. ಕಟ್ಟೆ, ಚಿಮಣಿ, ಗೋಡೆ ಪೂರ್ತಿ ಟೈಲ್ಸ್, ಯಾವುದಕ್ಕೂ ಕೊರತೆಯಿಲ್ಲ. ಮಕ್ಕಳು ತಟ್ಟೆ ಹಿಡಿದು ಟೀವಿ ಮುಂದೆ ಹೋಗುತ್ತಾರೆ. ಅಜ್ಜನ ಪಕ್ಕ ಫೋಟೊದಲ್ಲಿ ಬಾಯ್ತುಂಬ ನಗುತ್ತ ನಿಂತವನು ಯಾರೆಂದು ಒಮ್ಮೆ ಮಗಳು ಕೇಳಿದಳು. ನಿನಗೆ ಚಿಕ್ಕಜ್ಜ ಆಗಬೇಕು ಎಂದೆ. ಹೊಸದುರ್ಗಕ್ಕೆ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅವನ ಮೊಮ್ಮಕ್ಕಳ ಹೆಸರೇನೆಂದು ನನಗೆ ಗೊತ್ತಿಲ್ಲ.