ಪುಡಿ ಹಾಕದ ಗವತಿ ಚಹಾ

ನಿದ್ದೆ ಬರುವುದಿಲ್ಲ ಎಂದು ಒಮ್ಮೆ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಹುಮನಾಬಾದಿನ ನಮ್ಮ ಓಣಿಯಲ್ಲಿ ಮನೆಗೊಬ್ಬರಂತೆ ವೈದ್ಯರು ಹುಟ್ಟಿಕೊಂಡರು. ಒಬ್ಬರು ತುಳಸಿ ಕುದಿಸು ಎಂದರು, ಒಬ್ಬರು ಬ್ರಾಹ್ಮಿ ಎಂದರು, ಇನ್ನೊಬ್ಬರು ಮೊಬೈಲಿನಲ್ಲಿ ನೋಡಿ ಅಶ್ವಗಂಧದ ಪುಡಿಯನ್ನೇ ತಂದುಕೊಟ್ಟರು. ನಿದ್ದೆ ಯಾಕೆ ಬರುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಬಿ.ಎಸ್ಸಿ ಓದುತ್ತಿರುವ ಮಗಳಿಗೆ ಇದೇ ವರ್ಷ ಮದುವೆ ಮಾಡಬೇಕೆಂದು ಗಂಡ ಮತ್ತು ನಾದಿನಿ ಗಂಟುಬಿದ್ದಿದ್ದರು. ಓದು ಮುಗಿಯಲಿ ಎಂದು ಅವಳು ಅಳುತ್ತಿದ್ದಳು. ನಾನೂ ಅದನ್ನೇ ಹೇಳುತ್ತಿದ್ದೆ, ಸ್ವಲ್ಪ ಜೋರಾಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ ಕಷಾಯ ಮಾತ್ರ ನನ್ನ ಪಾಲಿಗೆ ಬಂತು.

ದವಾಖಾನೆಯ ಡಾಕ್ಟರು ನೆಟ್ಟಗೆ ಹೇಳಿದರು. ಸಂಜೆಯ ಮೇಲೆ ಚಹಾ ಬಿಡಿ, ಬೇಕೆಂದರೆ ಗವತಿ ಚಹಾ ಕುದಿಸಿ ಕುಡಿಯಿರಿ, ಮನಸ್ಸಿಗೆ ಹಿತವಾದೀತು, ಆದರೆ ಅದನ್ನೇ ಔಷಧ ಅಂದುಕೊಳ್ಳಬೇಡಿ. ಗವತಿ ಚಹಾ ಎಂದರೆ ನಿಂಬೆ ವಾಸನೆಯ ಹುಲ್ಲು. ಮರಾಠಿಯಿಂದ ಬಂದ ಆ ಹೆಸರೇ ನನ್ನ ಪ್ರಾಣ ತಿಂದಿತು. ಯಾರ ಮನೆಗೆ ಹೋಗಿ ಅದನ್ನು ಕೇಳಿದರೂ ಹುಲ್ಲಿನ ಜೊತೆಗೆ ಚಹಾಪುಡಿ, ಗಟ್ಟಿ ಹಾಲು, ಕೈಬಿಚ್ಚಿ ಸಕ್ಕರೆ.

"ಪುಡಿ ಬ್ಯಾಡ ಅಂದಿದ್ನಲ್ರಿ?" ಎಂದು ಪಕ್ಕದ ಮನೆಯಾಕೆಯನ್ನು ಕೇಳಿದೆ.

"ಪುಡಿ ಇಲ್ಲಂದ್ರ ಅದು ಚಹಾ ಹ್ಯಾಂಗ ಆಗ್ತದ್ರಿ? ಬರೇ ಹುಲ್ಲಿನ ನೀರು ಕೊಟ್ರ ಮಂದಿ ಏನಂತಾರ?"

ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಕುಡಿದರೆ ನನಗೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಈ ಉಪಚಾರಕ್ಕೆ ಬೆಂಕಿ ಬೀಳಲಿ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಗಂಡ ನನ್ನನ್ನು ಬಸವಕಲ್ಯಾಣಕ್ಕೆ, ತಮ್ಮ ತಂಗಿಯ ಮನೆಗೆ ಕರೆದುಕೊಂಡು ಹೋದರು. ನಾದಿನಿ ತಾನೇ ಬಟ್ಟಲು ಹಿಡಿದು ಬಂದಳು. ಪುಡಿ ಇಲ್ಲ, ಹಾಲಿಲ್ಲ. ಗವತಿ, ನಾಲ್ಕು ತುಳಸಿ ಎಲೆ, ಚೂರು ಶುಂಠಿ. ಉಗಿ ಮೂಗಿಗೆ ತಾಗಿದಾಗಲೇ ಬಿಗಿದ ನೆತ್ತಿ ಸಡಿಲವಾಯಿತು. ಕೊನೆಗೂ ಒಬ್ಬಳಿಗೆ ನನ್ನ ಮಾತು ತಿಳಿಯಿತಲ್ಲ ಎಂದು ಕಣ್ಣು ತುಂಬಿ ಬಂತು.

"ಪೂರಾ ಕುಡೀರಿ ವೈನಿ, ಮನಸ್ಸು ಶಾಂತ ಆಗ್ತದ," ಎಂದಳು. ನಾನು ಅರ್ಧ ಕುಡಿಯುವವರೆಗೂ ಕಾದು, ಅಣ್ಣನ ಮುಖ ನೋಡಿ, ಆಮೇಲೆ ಹೇಳಿದಳು: "ಚಿಟಗುಪ್ಪದಿಂದ ವರನ ಕಡಿಯವರು ಬರಾಕತ್ತಾರ. ಮಾತು ಮುಗಿಯೋತನಕ ನೀವ್ ಒಂಚೂರು ಸುಮ್ನ ಕೂಡ್ರಿ."

ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಇವರಿಗೆ ನನ್ನ ನಿದ್ದೆಯ ಚಿಂತೆ ಇರಲೇ ಇಲ್ಲ, ನನ್ನ ಬಾಯಿ ಮುಚ್ಚಿದರೆ ಸಾಕಿತ್ತು. ಬಟ್ಟಲು ಕೆಳಗಿಟ್ಟೆ.

"ನಾ ಶಾಂತ ಆದ್ರ ಆ ಹುಡುಗಿ ಸಲುವಾಗಿ ಸಿಟ್ಟಿಗೇಳವರು ಯಾರದಾರವ್ವ?" ಎಂದು ಎದ್ದು ಬಾಗಿಲಿಗೆ ಹೋದೆ. ಅಷ್ಟರಲ್ಲಿ ಹೊರಗೆ ಜೀಪು ಬಂದು ನಿಂತಿತು. ಇಳಿಯುತ್ತಿದ್ದವರಿಗೆ ಕೈ ಮುಗಿದು ನಾನೇ ಹೇಳಿದೆ: "ಬರ್ರಿ, ನೀರು ಕುಡೀರಿ, ಊಟ ಮಾಡ್ರಿ. ಹುಡುಗಿ ಇನ್ನಾ ಓದಾಕತ್ಯಾಳ, ಕೊಡಂಗಿಲ್ರಿ."